ದ್ವೀಪ ಬಿಟ್ಟರೂ ಬಾಯಲ್ಲುಳಿದ ಮಾತು

ಕೇಳುಗರಿಗೆ ನಮಸ್ಕಾರ. ಪೆಸಿಫಿಕ್ ಸಾಗರದ ನಡುವೆ ಒಂದು ದೇಶವಿದೆ. ಭೂಪಟದಲ್ಲಿ ಬರೆದದ್ದನ್ನು ನೋಡಿ ನಾವೆಲ್ಲ ಕಿರಿಬಾಟಿ ಅಂತ ಓದುತ್ತೇವೆ, ಅಲ್ವಾ? ಅಲ್ಲಿಯವರ ಬಾಯಲ್ಲಿ ಅದು ಕಿರಿಬಾಸ್. ಅವರ ಬರಹದಲ್ಲಿ ಎಸ್ ಅಕ್ಷರವೇ ಇಲ್ಲ, ಟಿ ಮತ್ತು ಐ ಜೊತೆಗೂಡಿ ಆ ಸದ್ದು ಕೊಡುತ್ತವೆ. ಬ್ರಿಟಿಷ್ ಕಪ್ತಾನ ಥಾಮಸ್ ಗಿಲ್ಬರ್ಟ್‌ನಿಂದ ಬಂದ ಗಿಲ್ಬರ್ಟ್ಸ್ ಅನ್ನೋ ಹೆಸರೇ ಅವರ ನಾಲಿಗೆಯಲ್ಲಿ ಹೀಗಾಯಿತು. ಭಾಷೆಯನ್ನು ಹೊರಗಿನವರು ಗಿಲ್ಬರ್ಟೀಸ್ ಅನ್ನುತ್ತಾರೆ. ಅದಕ್ಕಿರುವುದು ಬರೀ 13 ಅಕ್ಷರ! ಒತ್ತಕ್ಷರ, ಮಹಾಪ್ರಾಣ ಅಂತ ಒದ್ದಾಡಿದ ನಮಗೆ ಹೊಟ್ಟೆಕಿಚ್ಚಾಗಬೇಕು. ಆ ಬರಹ ರೂಢಿಗೆ ಬಂದದ್ದು 1857ರಲ್ಲಿ ಅಬಯಾಂಗ್ ದ್ವೀಪಕ್ಕೆ ಬಂದ ಅಮೆರಿಕದ ಮಿಷನರಿ ಹೈರಮ್ ಬಿಂಗ್‌ಹ್ಯಾಮ್ ಅವರಿಂದ.

ದೇಶದಲ್ಲಿ 33 ದ್ವೀಪಗಳು. ನೆಲವೆಲ್ಲ ಸೇರಿಸಿದರೂ 811 ಚದರ ಕಿಲೋಮೀಟರ್, ಅದು ಚೆಲ್ಲಿಕೊಂಡಿರುವುದು ಮಾತ್ರ ಸುಮಾರು 35 ಲಕ್ಷ ಚದರ ಕಿಲೋಮೀಟರ್ ಕಡಲಿನ ಮೇಲೆ. ಜನ 1.2 ಲಕ್ಷದ ಆಸುಪಾಸು. ಇಷ್ಟು ಕಡಿಮೆ ಜನ ಅಂದಮೇಲೆ ಭಾಷೆಯೂ ಸಾಯುತ್ತಿರಬೇಕು ಅಂತ ಅಂದುಕೊಳ್ಳಬೇಡಿ. ಕಚೇರಿ ಕಾಗದಕ್ಕೆ ಇಂಗ್ಲಿಷ್ ಇದೆ, ಸರಿ. ಆದರೆ ಮನೆಯಲ್ಲಿ, ಚರ್ಚಿನಲ್ಲಿ, ರೇಡಿಯೋದಲ್ಲಿ, ಮನೆಯಾಬಾ ಅನ್ನುವ ಊರೊಟ್ಟಿನ ದೊಡ್ಡ ಚಾವಡಿಯಲ್ಲಿ ಇವರದೇ ಮಾತು. ಅಲ್ಲಿನ ಸಂಸತ್ತಿನ ಹೆಸರಲ್ಲೂ ಮನೆಯಾಬಾ ಇದೆ.

ಈ ದೇಶದ ಬಗ್ಗೆ ನಮಗೆ ಬರುವ ಸುದ್ದಿ ಒಂದೇ, ಸಮುದ್ರ ಏರುತ್ತಿದೆ, ದ್ವೀಪಗಳು ಮುಳುಗುತ್ತವೆ ಅಂತ. ಸುಳ್ಳಲ್ಲ, ನೆಲ ಬಹುತೇಕ ಕಡೆ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಎತ್ತರವಷ್ಟೇ. ಆದರೆ ಇವರಲ್ಲಿ ಕೆಲವರು ನೆಲ ಕಳೆದುಕೊಂಡದ್ದು ಸಮುದ್ರದಿಂದಲ್ಲ, ಗಣಿಯಿಂದ. ಬನಾಬಾ ಅಂತ ಪುಟ್ಟ ದ್ವೀಪ, ಸುಮಾರು ಆರು ಚದರ ಕಿಲೋಮೀಟರ್. ಅಲ್ಲಿ ಫಾಸ್ಫೇಟ್ ಸಿಕ್ಕಿತು. 1900ರಿಂದ 1979ರವರೆಗೆ ಅಗೆದರು, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರವಾಗಿ ಆ ದ್ವೀಪದ ಮೈಯೇ ಹಡಗು ಹತ್ತಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಬನಾಬಾದವರನ್ನು ಅಲ್ಲಿ ಇಲ್ಲಿ ಚದುರಿಸಿದ್ದರು. ಯುದ್ಧ ಮುಗಿದಾಗ ಊರಿಗೆ ಕಳಿಸಬೇಕಿತ್ತು, ಆಗ ಈ ದ್ವೀಪಗಳನ್ನು ಆಳುತ್ತಿದ್ದ ಬ್ರಿಟಿಷರು ಕಳಿಸಲಿಲ್ಲ. 1945ರ ಡಿಸೆಂಬರಿನಲ್ಲಿ ಅವರನ್ನು ಎರಡು ಸಾವಿರ ಕಿಲೋಮೀಟರಿಗೂ ದೂರದ ಫಿಜಿಗೆ ಕರೆದೊಯ್ದು ರಂಬಿ ದ್ವೀಪದಲ್ಲಿ ಇಳಿಸಿದರು. ಆ ದ್ವೀಪ ಕೊಂಡದ್ದು ಯಾರ ದುಡ್ಡಲ್ಲಿ ಗೊತ್ತಾ? ಬನಾಬಾದವರದೇ ಫಾಸ್ಫೇಟ್ ದುಡ್ಡಲ್ಲಿ! ನನಗೆ ಇದಕ್ಕಿಂತ ದೊಡ್ಡ ನಾಚಿಕೆಗೇಡು ಕಾಣುವುದಿಲ್ಲ.

ಇವತ್ತು ರಂಬಿಯವರು ಫಿಜಿ ಪ್ರಜೆಗಳು. ಸುತ್ತಲೂ ಫಿಜಿ ಮಾತು, ಹಿಂದಿ, ಇಂಗ್ಲಿಷ್. ಮನೆಯೊಳಗೆ ಮಾತ್ರ ಇನ್ನೂ ಗಿಲ್ಬರ್ಟೀಸ್ ಓಡಾಡುತ್ತಿದೆ. ಕಿರಿಬಾಸ್‌ನಿಂದ ಸಾಲೊಮನ್ ದ್ವೀಪಗಳಿಗೆ ಸಾಗಿಸಲ್ಪಟ್ಟವರಲ್ಲೂ, ತುವಾಲು ದೇಶದ ನೂಯಿ ದ್ವೀಪದಲ್ಲೂ ಈ ಮಾತಿದೆ.

2014ರಲ್ಲಿ ಕಿರಿಬಾಸ್ ಸರ್ಕಾರ ಫಿಜಿಯ ವನುವಾ ಲೇವು ದ್ವೀಪದಲ್ಲಿ ಸುಮಾರು 20 ಚದರ ಕಿಲೋಮೀಟರ್ ಜಮೀನು ಕೊಂಡಿತು. ಇಡೀ ದೇಶವೇ ಗುಳೆ ಹೊರಟಿತು ಅಂತ ಸುದ್ದಿಯೋ ಸುದ್ದಿ. ಯಾರೂ ಹೋಗಿಲ್ಲ, ಅಲ್ಲಿ ಬೇಸಾಯ ಮಾಡುವ ಮಾತು ನಡೆದಿದೆ ಅಷ್ಟೆ. ಮುಂದೆ ಯಾರಾದರೂ ಹೋದರೂ ತೀರಾ ಪರದೇಶವಾಗಲಿಕ್ಕಿಲ್ಲ, ಅದೇ ದ್ವೀಪದ ಪೂರ್ವಕ್ಕೇ ರಂಬಿ ಇರುವುದು. ನಮಸ್ಕಾರ.