ಅಡ್ಡ ಇಟ್ಟು ನೋಡಿ

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಹಿಂದಿನ ಮೇಜಿನ ಮೇಲೆ ಒಂದು ಸ್ಲೈಡ್ ಇಟ್ಟು ಬಂದೆ. ನಿಮ್ಮ ಗೇಟಿನ ಪಕ್ಕದ ಕಾಶಿ ಕಣಗಿಲೆಯ ಪರಾಗ, ಸಕ್ಕರೆ ನೀರು, ಚೂರು ಬೋರಿಕ್ ಆಸಿಡ್. ಮಾತು ಮುಗಿಯುವ ಹೊತ್ತಿಗೆ ಪರಾಗದ ಕಣಗಳಿಂದ ನಳಿಕೆ ಹೊರಟಿರಬೇಕು. ಇದನ್ನು ನೀವೆಲ್ಲ ಪ್ರಾಕ್ಟಿಕಲ್‌ನಲ್ಲಿ ಮಾಡಿದ್ದೀರಿ. ನಳಿಕೆ ಕಂಡಿತು, ಚಿತ್ರ ಬರೆದಿರಿ, ರೆಕಾರ್ಡಿಗೆ ಸಹಿ ಬಿತ್ತು. ನನ್ನ ತಕರಾರು ಇರುವುದೇ ಅಲ್ಲಿ. ಬೆಳೆಯುವುದನ್ನು ಸುಮ್ನೆ ನೋಡಿದರೆ ಸಾಲದು. ಅಡ್ಡ ಏನಾದರೂ ಇಟ್ಟು ನೋಡಬೇಕು.

ಸ್ಲೈಡಿನ ಮೇಲೆ ನಳಿಕೆಗೆ ಯಾರ ಅಡ್ಡಿಯೂ ಇಲ್ಲ. ಹೂವಿನೊಳಗೆ ಹಾಗಲ್ಲ. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳು ಜೋತಾಡುತ್ತವಲ್ಲ, ಒಂದೊಂದು ಎಳೆಗೂ ಒಂದೊಂದು ಕಾಳು. ದಾವಣಗೆರೆ, ಹಾವೇರಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪರಾಗ ಎಳೆಯ ಮೇಲೆ ಬಿದ್ದು ನಳಿಕೆ ಚಾಚುತ್ತದೆ. ಆ ಇಡೀ ನಳಿಕೆ ಒಂದೇ ಕೋಶ! ಎಳೆಯೊಳಗಿನ ಕೋಶಗಳ ನಡುವೆ ನುಗ್ಗಿಕೊಂಡು ಕೆಲವೊಮ್ಮೆ 20 ಸೆಂಟಿಮೀಟರ್ ದೂರ ಹೋಗುತ್ತದೆ. ನಡುವೆ ನಿಂತುಬಿಟ್ಟರೆ ತೆನೆಯಲ್ಲಿ ಆ ಜಾಗ ಖಾಲಿ.

ನುಗ್ಗುವ ಬಲ ಎಲ್ಲಿಂದ ಬಂತು? ನೀರಿನ ಒತ್ತಡದಿಂದ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ವಾತಾವರಣದಷ್ಟು ಒತ್ತಡ. ಗಿಡದ ಎಷ್ಟೋ ಕೋಶಗಳಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ತಳ್ಳುತ್ತದೆ, ಅಲ್ವಾ? ಹಾಗಿದ್ದರೆ ನಳಿಕೆ ಮುಂದಕ್ಕೇ ಯಾಕೆ ಹೋಗಬೇಕು? ಸೈಕಲ್ ಟೈರು ಹರಿದ ಕಡೆ ಒಳಗಿನ ಟ್ಯೂಬು ಉಬ್ಬಿ ಹೊರಗೆ ಬರುತ್ತದೆ, ನೋಡಿದ್ದೀರಿ. ಇಲ್ಲೂ ಅಷ್ಟೆ. ತುದಿಯ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟಿನಂಥ ವಸ್ತು ಮೆತ್ತಗಿರುತ್ತದೆ. ಹಿಂದಕ್ಕೆ ಬಂದಂತೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಮೆತ್ತಗಿರುವ ಕಡೆ ಬೆಳವಣಿಗೆ.

ಈ ನುಗ್ಗುವ ಬಲವನ್ನು ಅಳೆಯುವುದಕ್ಕೇ ಮೈಕ್ರೋಫ್ಲೂಯಿಡಿಕ್ ಚಿಪ್. ಹೆಸರು ದೊಡ್ಡದು, ಮಾಡುವ ರೀತಿ ನಿಮ್ಮ ಮನೆಯದೇ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತೇವಲ್ಲ, ಹಾಗೆ. ಮರದ ಅಚ್ಚಿನ ಬದಲು ಸಿಲಿಕಾನ್ ಬಿಲ್ಲೆ. ಪಾಕದ ಬದಲು ಪಿಡಿಎಂಎಸ್ ಎಂಬ ಪಾರದರ್ಶಕ ರಬ್ಬರು. ಹುಯ್ದು, ಬಿಸಿಯಲ್ಲಿಟ್ಟು, ಬಿಡಿಸಿ, ಗಾಜಿಗೆ ಅಂಟಿಸುವುದು. ಒಳಗೆ ದ್ರವ ಹರಿಯುವ, ಕೂದಲಿಗಿಂತ ತೆಳ್ಳಗಿನ ಕಾಲುವೆಗಳು. ಅವುಗಳಲ್ಲಿ ನಳಿಕೆಗೆ ಅಡ್ಡಿಯಾಗಿ ಕಿರಿದಾದ ಸೀಳು.

ನಮ್ಮ ಲ್ಯಾಬಿಗೆ ಮೆಕ್ಯಾನಿಕಲ್ ಓದಿದ ಒಬ್ಬ ಹುಡುಗಿ ಬಂದಿದ್ದಳು. ಗಿಡದ ವಿಷಯ ಅವಳಿಗೆ ಹೊಸದು. ನಾವು ಬಿಡಿಸಿದಾಗಲೆಲ್ಲ ಸೀಳಿನ ಅಂಚು ಹರಿಯುತ್ತಿತ್ತು. ಒಂದು ವಾರ ಇದೇ ಕತೆ. ಅವಳು ನೋಡಿ ನೋಡಿ, "ಮೇಡಂ, ಅವಸರ ಮಾಡ್ತಿದ್ದೀರಿ. ನಮ್ಮಮ್ಮ ಅಚ್ಚು ಪೂರ್ತಿ ಆರೋವರೆಗೂ ಮುಟ್ಟೋಕೇ ಬಿಡಲ್ಲ" ಅಂದಳು. ಆ ರಾತ್ರಿಯೆಲ್ಲ ಓವನ್‌ನಲ್ಲೇ ಬಿಟ್ಟೆವು. ಬೆಳಗ್ಗೆ ಅಂಚು ನೆಟ್ಟಗೆ ಬಂತು! ಆಮೇಲೆ ಗಾಳಿಗುಳ್ಳೆಯ ಕಾಟ. ಕಾಲುವೆಯಲ್ಲಿ ಒಂದು ಗುಳ್ಳೆ ಕೂತರೆ ಪರಾಗ ಒಳಗೇ ಹೋಗುವುದಿಲ್ಲ. ಅದೂ ಕಳೆದು, ಒಂದು ಸಂಜೆ ಲಿಲ್ಲಿಯ ನಳಿಕೆ ತನಗಿಂತ ಕಿರಿದಾದ ಸೀಳಿನ ಮುಂದೆ ಬಂದು ನಿಂತಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ರಬ್ಬರಿನ ಗೋಡೆ ಎರಡೂ ಕಡೆ ಬಾಗಿತು. ಒಂದು ಕೋಶ ತಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ.

ಆ ಬಾಗಿದ್ದೇ ತಕ್ಕಡಿ. ರಬ್ಬರು ಎಷ್ಟು ಗಟ್ಟಿ ಅಂತ ಗೊತ್ತಿದ್ದರೆ, ಎಷ್ಟು ಬಾಗಿತು ಅನ್ನುವುದರಿಂದ ಬಲ ಲೆಕ್ಕ ಹಾಕಬಹುದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಸ್ಯವಿಜ್ಞಾನಿ ಆನ್ಯಾ ಗೈಟ್ಮನ್ ಅವರ ತಂಡ ಟಿಪ್‌ಚಿಪ್ ಎಂಬ ಚಿಪ್‌ನಲ್ಲಿ ಇದನ್ನು ಮಾಡಿ 2013ರಲ್ಲಿ ಪ್ರಕಟಿಸಿತು. ಅವರಿಗೆ ಕಂಡದ್ದೇನು ಗೊತ್ತಾ? ಅಡ್ಡಿ ಹೆಚ್ಚಾದಂತೆ ಕೋಶ ತನ್ನ ಗೋಡೆಯ ಮೆದುತನವನ್ನೇ ಬದಲಾಯಿಸಿಕೊಳ್ಳುತ್ತದೆ. ಅದರಿಂದ ಅಡ್ಡಿಯ ಮೇಲೆ ಬೀಳುವ ಬಲ ಬದಲಾಗುತ್ತದೆ. ಅಂದರೆ ಕೋಶ ಅಡ್ಡಿಗೆ ಉತ್ತರ ಕೊಡುತ್ತಿದೆ. ಬರೀ ಸ್ಲೈಡ್ ನೋಡುತ್ತಾ ಕೂತಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಅಡ್ಡ ಇಟ್ಟು ನೋಡಿ.

ಐದೇ ನಿಮಿಷ ಅಂತ ಚೀಟಿ ಬಂತು. ಬೇರಿನ ಬಗ್ಗೆ ಹೇಳಬೇಕೆಂದಿದ್ದೆ. ಬೇರಿಗೆಂದೇ ಮಾಡಿದ 2011ರ ರೂಟ್‌ಚಿಪ್‌ನಲ್ಲಿ, ಸಾಸಿವೆಯ ಕುಟುಂಬದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನ ಸಸಿಯ ಬೇರು ಕಾಲುವೆಯಲ್ಲೇ ಬೆಳೆಯುತ್ತದೆ. ಹೊರಗಿನ ದ್ರಾವಣ ಬದಲಿಸಿದರೆ ಒಳಗಿನ ಸಕ್ಕರೆ ಏರಿಳಿಯುವುದು ಅಲ್ಲೇ ಕಾಣುತ್ತದೆ. ಅದನ್ನು ಊಟದ ಹೊತ್ತಿಗೆ ಕೇಳಿ.

ಒಂದು ಮಾತು ಮಾತ್ರ ಬಿಡಲಾರೆ. ಟಿಪ್‌ಚಿಪ್‌ನಲ್ಲಿ ಕಿರಿದಾದ ಸೀಳು ದಾಟಿದ ನಳಿಕೆಗಳು ಆಚೆ ಬಂದ ಮೇಲೆ ಎಷ್ಟೋ ಸಲ ಒಡೆದುಹೋದವು. ಹೂವಿನಲ್ಲೂ ನಳಿಕೆ ಅಂಡಕದೊಳಗೆ ಒಡೆದೇ ಗಂಡುಕೋಶಗಳನ್ನು ಬಿಡಬೇಕು. ಅಲ್ಲಿಯ ಇಕ್ಕಟ್ಟಿಗೂ ಆ ಒಡೆಯುವಿಕೆಗೂ ನಂಟಿದೆಯೇ? ನಿಮ್ಮಲ್ಲಿ ಯಾರಾದರೂ ಈ ಪ್ರಶ್ನೆ ಹಿಡಿದುಕೊಂಡು ಹೋದರೆ ನನಗೆ ತುಂಬಾ ಖುಷಿ. ಈಗ ಹಿಂದಿನ ಮೇಜಿಗೆ ಬನ್ನಿ, ಮೊದಲು ಹಿಂದಿನ ಸಾಲಿನವರು. ಸ್ಲೈಡ್ ಒಣಗುವ ಮುಂಚೆ ನೋಡಬೇಕು.