ನೀವು ಮಾಡದ ಖರ್ಚಿಗೆ ಲೆಕ್ಕ ಕೊಡಬೇಕಾದ್ದು ಬ್ಯಾಂಕು
(ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರು ಮತ್ತು ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಗೂಡು ಮಾರಿದ ದುಡ್ಡು ಈಗ ನೇರ ಖಾತೆಗೆ ಬೀಳುತ್ತದೆ. ಹಾಲಿನ ಬಟವಾಡೆಯೂ ಅಲ್ಲಿಗೇ, ಪಿಂಚಣಿಯೂ ಅಲ್ಲಿಗೇ. ಆ ಖಾತೆಯ ಬೀಗದ ಕೈ ನಿಮ್ಮ ಜೇಬಿನಲ್ಲಿರುವ ಎಟಿಎಂ ಕಾರ್ಡು. ಹಾಗಾಗಿ ಒಂದು ರಾತ್ರಿ ಫೋನಿಗೆ ‘ನಿಮ್ಮ ಖಾತೆಯಿಂದ ಇಷ್ಟು ಹಣ ಡೆಬಿಟ್ ಆಗಿದೆ’ ಅಂತ ಮೆಸೇಜ್ ಬಂದರೆ, ಆ ಖರ್ಚು ನೀವು ಮಾಡಿಯೇ ಇಲ್ಲದಿದ್ದರೆ, ಏನು ಮಾಡಬೇಕು? ಇವತ್ತು ಅದಷ್ಟನ್ನೇ ಮಾತಾಡೋಣ.

ನಾನು ಬ್ಯಾಂಕಿನ ಕೌಂಟರಿನ ಒಳಗೆ ಕೂತು ಕೆಲಸ ಮಾಡಿ ನಿವೃತ್ತನಾದವನು. ದುಡ್ಡು ಕಳೆದುಕೊಂಡು ಬರುವವರ ಮುಖ ನನಗೆ ಚೆನ್ನಾಗಿ ಗೊತ್ತು. ದುಃಖಕ್ಕಿಂತ ನಾಚಿಕೆಯೇ ಜಾಸ್ತಿ ಇರುತ್ತದೆ. ‘ನಾನೇ ಏನೋ ತಪ್ಪು ಮಾಡಿರಬೇಕು ಸಾರ್’ ಅಂತಲೇ ಮಾತು ಶುರು ಮಾಡುತ್ತಾರೆ. ಆ ನಾಚಿಕೆಯಲ್ಲಿ ಮನೆಯವರಿಗೂ ಹೇಳದೆ ಕೂತ ದಿನಗಳೇ ಅವರಿಗೆ ಜಾಸ್ತಿ ನಷ್ಟ ತರುತ್ತವೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಓಟಿಪಿ ಯಾರಿಗೂ ಹೇಳಿಲ್ಲ, ಕಾರ್ಡು ಕೈಯಲ್ಲೇ ಇದೆ, ಮತ್ತೆ ದುಡ್ಡು ಹೋಗಿದ್ದು ಹೇಗೆ? ಹೋಗಬಹುದು. ನಮ್ಮ ದೇಶದ ವೆಬ್‌ಸೈಟುಗಳಲ್ಲಿ ಕಾರ್ಡಿನಿಂದ ಕಟ್ಟುವಾಗ ಸಾಮಾನ್ಯವಾಗಿ ಓಟಿಪಿ ಕೇಳುತ್ತದೆ. ಹೊರದೇಶದ ಎಷ್ಟೋ ಸೈಟುಗಳು ಕೇಳುವುದೇ ಇಲ್ಲ. ಕಾರ್ಡಿನ ನಂಬರು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ ಸಿಕ್ಕರೆ ಅವರಿಗೆ ಸಾಕು. ಅವು ಎಲ್ಲಿಂದ ಸೋರಿದವು ಅನ್ನುವುದು ನಿಮಗೆ ಗೊತ್ತಾಗುವುದೂ ಇಲ್ಲ. 2016ರಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಕಳ್ಳರ ಕೈಗೆ ಸಿಕ್ಕಿರಬಹುದು ಅಂತ ಬ್ಯಾಂಕುಗಳು ಕಾರ್ಡು ಬದಲಿಸಿ ಕೊಟ್ಟವು, ಪಿನ್ ಬದಲಿಸಿ ಅಂದವು. ಎಟಿಎಂ ವ್ಯವಸ್ಥೆಯೊಳಗೇ ಕಳ್ಳ ತಂತ್ರಾಂಶ ಹೊಕ್ಕಿತ್ತು. ಆ ಲಕ್ಷಾಂತರ ಜನರು ಮಾಡಿದ ತಪ್ಪೇನು? ಏನೂ ಇಲ್ಲ ಅಲ್ವಾ.

ಇನ್ನೊಂದು ವಿಷಯ. ದೊಡ್ಡ ಮೊತ್ತಕ್ಕೆ ಮೊದಲು ಕೆಲವು ಸಲ ಒಂದು ರೂಪಾಯಿ, ಹತ್ತು ರೂಪಾಯಿ ಹೋಗಿರುತ್ತದೆ. ಹೊಲಕ್ಕೆ ನುಗ್ಗುವ ಮೊದಲು ಬೇಲಿ ಅಲ್ಲಾಡಿಸಿ ನೋಡಿದ ಹಾಗೆ ಅದು. ‘ಹತ್ತು ರೂಪಾಯಿ ತಾನೇ’ ಅಂತ ಬಿಡಬೇಡಿ.

ಈಗ ಮಾಡಬೇಕಾದ ಕೆಲಸ. ಮೊದಲು ಕಾರ್ಡು ಬ್ಲಾಕ್ ಮಾಡಿಸಿ. ಕಾರ್ಡಿನ ಹಿಂಬದಿಯಲ್ಲಿ ಬ್ಯಾಂಕಿನ ನಂಬರು ಇರುತ್ತದೆ. ಆ ನಂಬರನ್ನು ಇವತ್ತೇ ಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ, ಯಾಕೆಂದರೆ ಕಾರ್ಡೇ ಕಳೆದುಹೋದರೆ ನಂಬರು ಎಲ್ಲಿ ಹುಡುಕುತ್ತೀರಿ? ದಯವಿಟ್ಟು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ‘ಕಸ್ಟಮರ್ ಕೇರ್’ ಅಂತ ಕಳ್ಳರೇ ತಮ್ಮ ನಂಬರು ಹಾಕಿಕೊಂಡಿರುತ್ತಾರೆ. ಹೋದ ದುಡ್ಡಿನ ಗಾಬರಿಯಲ್ಲಿ ಅವರಿಗೇ ಫೋನ್ ಮಾಡಿ, ಉಳಿದದ್ದನ್ನೂ ಕೊಟ್ಟುಬಿಟ್ಟವರಿದ್ದಾರೆ.

ಕಾರ್ಡು ಬ್ಲಾಕ್ ಆದ ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆ ಅಂತಲೇ ಇರುವ ದೇಶದ ಸಹಾಯವಾಣಿ. ದುಡ್ಡು ಇನ್ನೊಂದು ಖಾತೆಯಲ್ಲಿ ಇದ್ದರೆ ಅಲ್ಲೇ ತಡೆಹಿಡಿಯುವ ವ್ಯವಸ್ಥೆ ಇದರ ಹಿಂದಿದೆ. ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ, ಹಾಗಾಗಿ ಬೆಳಗಾಗಲಿ ಅಂತ ಕಾಯಬಾರದು. ಅವರು ಕೊಡುವ ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ.

ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ಪೊಲೀಸಿಗೆ ಹೇಳಿದ್ದು ಬ್ಯಾಂಕಿಗೂ ಹೇಳಿದ ಹಾಗೆ ಅಂದುಕೊಳ್ಳಬೇಡಿ. ಬ್ಯಾಂಕಿಗೆ ಬೇರೆಯಾಗಿ, ಬರವಣಿಗೆಯಲ್ಲಿ ದೂರು ಕೊಡಲೇಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧ. ಅದರಲ್ಲಿ ಹೇಳಿರುವುದು ಇಷ್ಟು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನ ಯಾರೋ ಕದ್ದಿದ್ದಾರೆ ಅನ್ನಿ. ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಿಮ್ಮ ಮೇಲೆ ಒಂದು ರೂಪಾಯಿಯ ಹೊಣೆಯೂ ಇಲ್ಲ. ಪೂರ್ತಿ ಮೊತ್ತ ಬ್ಯಾಂಕು ಕೊಡಬೇಕು. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸ್ವಲ್ಪ ಹೊಣೆ ನಿಮ್ಮ ಮೇಲೆ ಬರುತ್ತದೆ: ಜನಧನ್ ತರಹದ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000, ಮಾಮೂಲಿ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿ ಹೇಳಿದ ಹಾಗೆ. ನಾಚಿಕೊಂಡು ಕೂತರೆ ನಷ್ಟ ಅಂದೆನಲ್ಲ, ಇದಕ್ಕೇ.

ಮೆಸೇಜ್ ಬಂದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ, ರಜೆಯೂ ಬರುವುದಿಲ್ಲ. ಶುಕ್ರವಾರ ರಾತ್ರಿ ಮೆಸೇಜ್ ಬಂತು, ಮರುದಿನ ಎರಡನೇ ಶನಿವಾರ ಅಂದುಕೊಳ್ಳಿ. ಆಗ ಸೋಮವಾರ, ಮಂಗಳವಾರ, ಬುಧವಾರ ನಿಮ್ಮ ಮೂರು ದಿನ. ಆದರೂ ಸೋಮವಾರವೇ ಹೋಗಿ.

‘ನಾನು ಮಾಡಿಲ್ಲ ಅಂತ ಹೇಗೆ ಸಾಬೀತು ಮಾಡಲಿ ಸಾರ್?’ ಅಂತ ಕೇಳುತ್ತಾರೆ. ನೀವು ಮಾಡಬೇಕಾಗಿಲ್ಲ. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ ಅಂತ ಅದೇ ಸುತ್ತೋಲೆಯಲ್ಲಿದೆ. ನನ್ನ ಮಟ್ಟಿಗೆ ಅದರಲ್ಲಿ ಇದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ. ಕೌಂಟರಿನಲ್ಲಿ ಯಾರಾದರೂ ‘ನೀವೇ ಯಾರಿಗೋ ಹೇಳಿರಬೇಕು’ ಅಂತ ಗದರಿದರೆ, ‘ಹಾಗಿದ್ದರೆ ಅದನ್ನು ಬರೆದು ಕೊಡಿ’ ಅನ್ನಿ. ಗಟ್ಟಿಯಾಗಿ, ಆದರೆ ಮರ್ಯಾದೆಯಿಂದ. ಎಫ್‌ಐಆರ್ ತಂದರೆ ಮಾತ್ರ ದೂರು ತಗೊಳ್ಳುತ್ತೇವೆ ಅಂದರೂ ಒಪ್ಪಬೇಡಿ. ಮೂರು ದಿನದ ಗಡುವು ಬ್ಯಾಂಕಿಗೆ ತಿಳಿಸುವುದಕ್ಕೆ ಇರುವುದು. ಚಿಕ್ಕಬಳ್ಳಾಪುರದ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ, ಹೋಗಿ ದೂರು ಕೊಡುವುದು ಒಳ್ಳೆಯದೇ, ಅದನ್ನೂ ಮಾಡಿ. ಆದರೆ ಅದಕ್ಕಾಗಿ ಬ್ಯಾಂಕಿನ ಅರ್ಜಿಯನ್ನು ನಿಲ್ಲಿಸಬೇಡಿ.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಖಾತೆ ನಂಬರು, ಕಾರ್ಡಿನ ಕೊನೆಯ ನಾಲ್ಕಂಕಿ, ಹೋದ ಮೊತ್ತ, ದಿನ, ಹೊತ್ತು, ‘ಈ ವ್ಯವಹಾರ ನಾನು ಮಾಡಿಲ್ಲ, ಕಾರ್ಡು ನನ್ನ ಬಳಿಯೇ ಇದೆ’ ಅನ್ನುವ ಮಾತು, 1930ರ ದೂರಿನ ನಂಬರು. ಇಷ್ಟು ಸಾಕು. ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ ಹಾಕಿಸಿ, ಸೀಲು, ಸಹಿ ಮಾಡಿಸಿಕೊಳ್ಳಿ. ಸೀಲಿಲ್ಲದೆ ಹೊರಗೆ ಬರಬೇಡಿ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ತನಿಖೆ ಮುಗಿಯುವ ತನಕ ಅದನ್ನು ತೆಗೆಯಲು ಬಿಡದೆ ಹಿಡಿದಿಡುವುದುಂಟು, ಗಾಬರಿಯಾಗಬೇಡಿ. ದೂರನ್ನು 90 ದಿನದೊಳಗೆ ತೀರ್ಮಾನ ಮಾಡಬೇಕು.

ಮೋಸ ಹೋಗಿ ಓಟಿಪಿ ಹೇಳಿಬಿಟ್ಟವರ ಗತಿ ಏನು? ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ, ಅದು ಕಷ್ಟದ ಮಾತು. ಆದರೆ ತಿಳಿಸಿದ ಮೇಲೆ ಹೋಗುವ ದುಡ್ಡು ಬ್ಯಾಂಕಿನ ಹೊಣೆ. ಹಾಗಾಗಿ ಅವರೂ ಕೂಡಲೇ ಫೋನ್ ಮಾಡಬೇಕು, 1930ಕ್ಕೂ ಹೇಳಬೇಕು.

ದೂರು ಕೊಟ್ಟ ಕೆಲವು ದಿನಕ್ಕೆ ‘ನಿಮ್ಮ ರೀಫಂಡ್ ರೆಡಿ ಇದೆ, ಈ ಆ್ಯಪ್ ಹಾಕಿಕೊಳ್ಳಿ’ ಅಂತ ಕರೆ ಬರಬಹುದು. ಫೋನ್ ಇಟ್ಟುಬಿಡಿ. ನಿಮ್ಮ ದುಡ್ಡು ನಿಮ್ಮ ಖಾತೆಗೆ ಬರಲು ಯಾವ ಆ್ಯಪೂ ಬೇಡ, ಪಿನ್ನೂ ಬೇಡ.

ಹೊಸ ಕಾರ್ಡು ಬಂದಾಗ ಆನ್‌ಲೈನ್ ಮತ್ತು ಹೊರದೇಶದ ವ್ಯವಹಾರ ಎರಡೂ ಆಫ್ ಇವೆಯಾ ಅಂತ ನೋಡಿ. 2020ರ ಅಕ್ಟೋಬರ್‌ನಿಂದ ಈ ಸ್ವಿಚ್ಚು ನಿಮ್ಮ ಕೈಯಲ್ಲೇ ಇದೆ, ದಿನದ ಮಿತಿಯನ್ನೂ ನೀವೇ ಇಡಬಹುದು. ಗೂಡು ಮಾರಿ ಎಟಿಎಂನಲ್ಲಿ ದುಡ್ಡು ತೆಗೆಯುವವರಿಗೆ ಹೊರದೇಶದ ವ್ಯವಹಾರ ಯಾಕೆ ಬೇಕು? ಆ್ಯಪ್ ಬರದಿದ್ದರೆ ಶಾಖೆಯಲ್ಲಿ ಕೇಳಿ ಮಾಡಿಸಿ.

ಬ್ಯಾಂಕು 30 ದಿನವಾದರೂ ಉತ್ತರ ಕೊಡಲಿಲ್ಲ, ಅಥವಾ ಕೊಟ್ಟ ಉತ್ತರ ಸರಿಯಿಲ್ಲ ಅನ್ನಿಸಿದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ, ಇದ್ದಾರೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ವಿವರ ಹೇಳುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಡ, ಮಧ್ಯವರ್ತಿಯೂ ಬೇಡ. ಕಾಗದದಲ್ಲಿ ಬರೆದವರ ದೂರು ಚಂಡೀಗಢದ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋಗುತ್ತದೆ. ಅದರ ಜೊತೆ ಬ್ಯಾಂಕಿಗೆ ಕೊಟ್ಟ ಅರ್ಜಿಯ ಸೀಲು ಹಾಕಿದ ಪ್ರತಿಯನ್ನು ಲಗತ್ತಿಸಲು ಮರೆಯಬೇಡಿ.

ಅರ್ಜಿಯ ಮಾದರಿ ತಂದಿದ್ದೇನೆ. ಈಗಾಗಲೇ ದುಡ್ಡು ಕಳೆದುಕೊಂಡವರು ಇಲ್ಲಿದ್ದರೆ ಪಾಸ್‌ಬುಕ್ ತಗೊಂಡು ಮುಂದೆ ಬನ್ನಿ. ಕೂತು ಬರೆಯೋಣ.