ನಿಂತಲ್ಲೇ ಮುದಿಯಾದ ಬೈಕು

ನಮಸ್ಕಾರ. ಕಳೆದ ವಾರ ಒಬ್ಬ ಹುಡುಗ ನನಗೆ ಒಂದು ವಿಡಿಯೊ ಕಳಿಸಿದ್ದ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಬೈಕು ಕೊಂಡು ನಾಲ್ಕು ದಿನವಾಗಿದೆ. ಅಷ್ಟರಲ್ಲೇ ಸೈಲೆನ್ಸರ್ ಬದಲಾಗಿದೆ, ಟ್ಯಾಂಕಿನ ಮೇಲೆ ಸ್ಟಿಕ್ಕರ್ ಬಂದಿದೆ, ಹ್ಯಾಂಡಲ್ ತುದಿಗೆ ಹೊಸ ಕನ್ನಡಿಗಳು ಬಂದಿವೆ. ಕೊನೆಯಲ್ಲಿ ಬೈಕು ತಿರುಗಿದಾಗ ಚೈನ್ ಕಾಣಿಸಿತು. ತುಕ್ಕು ಹಿಡಿದು, ಬಾವಿಹಗ್ಗದಂತೆ ಜೋತು ಬಿದ್ದಿತ್ತು. ‘ಅಣ್ಣ, ಸೌಂಡ್ ಹೇಗಿದೆ?’ ಎಂದು ಕೇಳಿದ್ದ. ಆ ಸದ್ದಿನಲ್ಲಿ ಅರ್ಧ ಪಾಲು ಚೈನಿನದೇ ಎಂದು ಅವನಿಗೆ ಬರೆಯಲು ಮನಸ್ಸಾಗಲಿಲ್ಲ. ಅದಕ್ಕೇ ಇವತ್ತು ಇಲ್ಲಿ ಕುಳಿತಿದ್ದೇನೆ.

ಹಳೆಯ ಸ್ಪೋರ್ಟ್ ಬೈಕು ಕೊಂಡ ಮೊದಲ ತಿಂಗಳು, ನಿಮ್ಮ ಜೇಬಿನಿಂದ ಹೊರಡುವ ಪ್ರತಿ ರೂಪಾಯಿಯೂ ರಬ್ಬರಿಗೆ, ಎಣ್ಣೆ–ದ್ರವಗಳಿಗೆ ಮತ್ತು ಚೈನಿಗೆ ಹೋಗಬೇಕು ಎನ್ನುವವನು ನಾನು. ಇವು ಬೈಕು ಓಡಿದರೂ ಸವೆಯುತ್ತವೆ, ಓಡದೆ ನಿಂತರೂ ಕೆಡುತ್ತವೆ. ಆದರೆ ಬೈಕು ಕೊಳ್ಳುವಾಗ ನಾವು ನೋಡುವುದು ಮೀಟರನ್ನು ಮಾತ್ರ.

ನಾನೂ ಹಾಗೆಯೇ ನೋಡಿದವನು. ಕಳೆದ ವರ್ಷ ಬೆಂಗಳೂರಿನಲ್ಲಿ ಯಮಹಾ ಆರ್15 ಕೊಂಡೆ, ಮೂರನೆಯ ಆವೃತ್ತಿ, 2018ರದು. ಮೀಟರಿನಲ್ಲಿ 11,000 ಕಿಲೋಮೀಟರ್. ‘ಒಬ್ಬರೇ ಮಾಲೀಕರು, ಓಡಿಯೇ ಇಲ್ಲ’ ಎಂದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಆದರೆ ಓಡಿಲ್ಲವೆಂದರೆ ನಿಂತಿತ್ತು ಎಂದೇ ಅರ್ಥವಲ್ಲವೆ? ಸ್ಪೋರ್ಟ್ ಬೈಕುಗಳ ಹಣೆಬರಹವೇ ಅದು. ಕೊಳ್ಳುವಾಗ ಆಸೆ ಇರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಬಗ್ಗಿ ಕುಳಿತ ಮೇಲೆ ಮಣಿಕಟ್ಟು ಬೇರೆಯದೇ ಮಾತಾಡುತ್ತದೆ. ಮರುವಾರದಿಂದ ಕಚೇರಿಗೆ ಸ್ಕೂಟರ್, ಬೈಕಿಗೆ ಹೊದಿಕೆ.

ಮನೆಗೆ ತಂದ ದಿನವೇ ಟಯರಿನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ತಾರೀಖು ಹುಡುಕಿದೆ. ಎಲ್ಲ ಟಯರಿನ ಬದಿಯಲ್ಲೂ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರಲ್ಲಿ 1818 ಎಂದಿತ್ತು. ಪೇಶ್ವೆಗಳು ಮುಳುಗಿದ ವರ್ಷವಲ್ಲ ಅದು, 2018ರ ಹದಿನೆಂಟನೆಯ ವಾರ, ಅಂದರೆ ಮೇ ತಿಂಗಳ ಮೊದಲ ದಿನಗಳು. ಗೀರುಗಳ ಆಳವೇನೋ ಇನ್ನೂ ಚೆನ್ನಾಗಿತ್ತು. ಹೆಬ್ಬೆರಳಿನ ಉಗುರನ್ನು ಒತ್ತಿದೆ. ಹೊಸ ರಬ್ಬರಾಗಿದ್ದರೆ ಉಗುರಿನ ಗುರುತು ಮೂಡಿ ಮೆಲ್ಲಗೆ ಮಾಸಬೇಕು. ಇಲ್ಲಿ ಒಣಕೊಬ್ಬರಿ ಚಿಪ್ಪಿನ ಮೇಲೆ ಒತ್ತಿದಂತಾಯಿತು. ಬದಿಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು. ಇಂಥ ಟಯರ್ ಒಣ ರಸ್ತೆಯಲ್ಲಿ ನೇರವಾಗಿ ಹೋಗುವಷ್ಟು ಹೊತ್ತು ಸಾಧುವಾಗಿರುತ್ತದೆ. ಮೊದಲ ಮಳೆಗೆ, ಬೈಕು ವಾಲಿಸಿದ ತಿರುವಿನಲ್ಲಿ, ಅದರ ನಿಜವಾದ ವಯಸ್ಸು ಗೊತ್ತಾಗುತ್ತದೆ. ಎರಡನ್ನೂ ಬದಲಿಸಿದೆ. ಅಳತೆ ಮೊದಲಿದ್ದದ್ದೇ: ಮುಂದೆ 100/80, ಹಿಂದೆ 140/70 (ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ), ಎರಡೂ ಹದಿನೇಳು ಇಂಚಿನ ರಿಮ್ಮಿಗೆ. ಅಂಗಡಿಯವರು ಹಿಂದಕ್ಕೆ ಇನ್ನೂ ಅಗಲದ್ದು ಹಾಕಿಸಿ, ಗತ್ತು ಬರುತ್ತದೆ ಎಂದರು. ಅದೇ ರಿಮ್ಮಿಗೆ ಅಗಲದ ಟಯರ್ ತುರುಕಿದರೆ ಅದರ ಆಕಾರ ಹಿಂಡಿಕೊಂಡು, ಬೈಕು ತಿರುವಿಗೆ ಬಾಗುವ ಸಹಜ ಗುಣವೇ ಹೋಗುತ್ತದೆ. ಗತ್ತಿಗಾಗಿ ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿಲ್ಲ. ಹೊಸ ಟಯರಿನ ಮೈ ಮೊದಲ ನೂರು ನೂರೈವತ್ತು ಕಿಲೋಮೀಟರ್ ಜಾರುತ್ತದೆ ಎನ್ನುವುದೂ ನೆನಪಿರಲಿ.

ಇನ್ನು ಬ್ರೇಕ್ ಆಯಿಲ್. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇದರ ವಿಷಯದಲ್ಲಿ, ಏಕೆಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. ಎಂಜಿನ್ ಆಯಿಲ್ ಬದಲಿಸಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಎಂಜಿನ್ ಆಯಿಲ್ ಹಳೆಯದಾದರೆ ಎಂಜಿನ್ ಸವೆಯುತ್ತದೆ, ಬ್ರೇಕ್ ಆಯಿಲ್ ಹಳೆಯದಾದರೆ ಗಾಡಿ ನಿಲ್ಲುವುದಿಲ್ಲ. ನಮ್ಮ ಬೈಕುಗಳಲ್ಲಿರುವ ಡಾಟ್ 4 ದರ್ಜೆಯ ಬ್ರೇಕ್ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಮಾನದಂಡದ ಪ್ರಕಾರ ಹೊಸ ದ್ರವ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ನಂದಿಬೆಟ್ಟದಿಂದ ಭಾನುವಾರ ಬೆಳಿಗ್ಗೆ ಬ್ರೇಕ್ ಹಿಡಿಯುತ್ತಾ ಇಳಿಯುತ್ತೀರಿ. ಡಿಸ್ಕ್ ಕಾದು ಆ ಬಿಸಿ ದ್ರವಕ್ಕೆ ತಲುಪುತ್ತದೆ, ಒಳಗೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹಾಗಾಗಿ ಲಿವರ್ ಹಿಡಿ ಮುಟ್ಟುವವರೆಗೂ ಬರುತ್ತದೆ, ಬೈಕು ಮಾತ್ರ ತನ್ನ ಪಾಡಿಗೆ ಹೋಗುತ್ತಿರುತ್ತದೆ.

ಹೊಸ ದ್ರವ ತೆಳು ಜೇನಿನ ಬಣ್ಣಕ್ಕಿರುತ್ತದೆ. ನನ್ನ ಬೈಕಿನ ಮುಂದಿನ ಬ್ರೇಕಿನ ದ್ರವದ ಡಬ್ಬಿ ತೆರೆದಾಗ ಕಂಡದ್ದು ಬೆಲ್ಲದ ಕಾಫಿ. ನಮ್ಮ ಬಡಾವಣೆಯ ಮೆಕ್ಯಾನಿಕ್ ಅಣ್ಣ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ನಿಪ್ಪಲ್ಲಿಗೆ, ಅಂದರೆ ದ್ರವ ಹೊರಬಿಡುವ ಮೂತಿಗೆ, ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹಳೆಯ ನೀರಿನ ಬಾಟಲಿಗೆ ಇಳಿಬಿಟ್ಟರು. ‘ಒತ್ತಿ. ಹಿಡಿದುಕೊಳ್ಳಿ. ಈಗ ಬಿಡಿ’ ಎನ್ನುತ್ತಾ ಹೋದರು. ಇಪ್ಪತ್ತು ಸಲ ಒತ್ತಿದ ಮೇಲೆ ಪೈಪಿನಲ್ಲಿ ಕಪ್ಪು ಕಳೆದು ಹಳದಿ ಬಂತು. ನಡುವೆ ಡಬ್ಬಿ ಬರಿದಾಗಲು ಬಿಡಬಾರದು, ಬಿಟ್ಟರೆ ಗಾಳಿ ಒಳಹೊಕ್ಕು ಕೆಲಸ ಮೊದಲಿನಿಂದ. ಟ್ಯಾಂಕಿನ ಮೇಲೆ ಒಂದು ಹನಿಯೂ ಬೀಳದಂತೆ ಒದ್ದೆ ಬಟ್ಟೆ ಹಾಸಿದ್ದರು, ಬ್ರೇಕ್ ದ್ರವ ಬಣ್ಣವನ್ನು ತಿಂದುಹಾಕುತ್ತದೆ. ಎರಡು ವರ್ಷಕ್ಕೊಮ್ಮೆ ಈ ಕೆಲಸ ಆಗಬೇಕು. ನನ್ನದಕ್ಕೆ ಏಳು ವರ್ಷದಿಂದ ಆಗಿರಲಿಲ್ಲ.

ಎಂಜಿನ್ ಆಯಿಲ್ ಬಗ್ಗೆ ಒಂದೇ ಮಾತು: ಡಬ್ಬಿಯ ಮೇಲೆ ಜಾಸೋ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಎಂದಿರಬೇಕು. ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ದುಬಾರಿಯದ್ದು ಒಳ್ಳೆಯದೇ ಇರಬೇಕೆಂದು ಕಾರಿನ ಎಣ್ಣೆ ಸುರಿದರೆ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟನ್ನು ಎಂಜಿನ್ ತಣ್ಣಗಿದ್ದಾಗ ನೋಡಿ. ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ತುಂಬಿಸಿದ ಮಹಾನುಭಾವರ ರೇಡಿಯೇಟರ್, ನಿಮ್ಮ ಸ್ನಾನದ ಮನೆಯ ಗೀಸರಿನ ಒಳಭಾಗದಂತೆ ಸುಣ್ಣ ಕಟ್ಟಿರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆದರೆ ನನ್ನದರಲ್ಲಿ ಇಲಿ ತಂದಿಟ್ಟ ದಿಂಬಿನ ಹತ್ತಿ ಇತ್ತು. ಮರಿಗಳು ಇರಲಿಲ್ಲ, ಪುಣ್ಯ.

ಈಗ ಚೈನಿಗೆ ಬರುತ್ತೇನೆ. ಹಿಂದಿನ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಕೂರುವ ಹಲ್ಲುಚಕ್ರದ, ನಟ್ಟನಡು ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಹಲ್ಲು ಅರ್ಧಕ್ಕಿಂತ ಹೆಚ್ಚು ಹೊರಗೆ ಕಂಡರೆ ಅದರ ಕಾಲ ಮುಗಿದಿದೆ. ಹಲ್ಲುಗಳು ಕುಡುಗೋಲಿನಂತೆ ಒಂದೇ ಕಡೆಗೆ ಬಾಗಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಿ. ಹಳೆಯ ಹಲ್ಲಿಗೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಾಳು. ಚೆನ್ನಾಗಿದ್ದರೆ ಸೀಮೆಎಣ್ಣೆಯಲ್ಲಿ ಮೆತ್ತನೆಯ ಬ್ರಷ್ ಅದ್ದಿ ತೊಳೆದು, ಒಣಗಿಸಿ, ಚೈನ್ ಲ್ಯೂಬ್ ಹೊಡೆಯಿರಿ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ವಿಡಿಯೊಗಳನ್ನು ನಾನೂ ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಹಿಂದೆಯೇ ಬೆರಳು ಹೋಗುತ್ತದೆ.

ಸಡಿಲ ಎಷ್ಟಿರಬೇಕು? ಅನೇಕ ಬೈಕುಗಳಲ್ಲಿ ಚೈನಿನ ಕೆಳಗಿನ ಎಳೆ ನಟ್ಟನಡುವೆ ಮೇಲೆ ಕೆಳಗೆ 25ರಿಂದ 35 ಮಿಲಿಮೀಟರ್ ಆಸುಪಾಸು ಆಡಬೇಕು. ನಿಮ್ಮದರ ಲೆಕ್ಕ ಕೈಪಿಡಿಯಲ್ಲೋ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಮೇಲಿನ ಚೀಟಿಯಲ್ಲೋ ಇರುತ್ತದೆ, ಅದೇ ಅಂತಿಮ. ಚಕ್ರ ತಿರುಗಿಸುತ್ತಾ ಚೈನ್ ಎಲ್ಲಿ ಹೆಚ್ಚು ಬಿಗಿಯಿದೆಯೋ ಅಲ್ಲಿ ಅಳೆಯಬೇಕು. ಬಿಗಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡವರಿದ್ದಾರೆ. ಬೈಕು ಗುಂಡಿಗೆ ಇಳಿದಾಗ ಹಿಂದಿನ ಚಕ್ರ ಮೇಲೇಳುತ್ತದೆ, ಆಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತದೆ. ಬಿಡುವು ಇಲ್ಲದ ಚೈನ್ ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ. ಬೆಂಗಳೂರಿನಲ್ಲಿ ಗುಂಡಿಗಳಿಗೆ ಬರವಿಲ್ಲ.

ಇಷ್ಟಾದ ಮೇಲೆ ಬೈಕನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಮಾಡುವವರು ಮಾತ್ರ ಕಡಿಮೆ. ಹಿಂದಿನ ಮಾಲೀಕರು ನನಗಿಂತ ಗೇಣುದ್ದ ಎತ್ತರ. ಅವರ ಬ್ರೇಕ್, ಕ್ಲಚ್ ಲಿವರುಗಳು ಆಕಾಶ ನೋಡುತ್ತಿದ್ದವು. ಸೀಟಿನ ಮೇಲೆ ಓಡಿಸುವ ಭಂಗಿಯಲ್ಲಿ ಕುಳಿತು ಬೆರಳು ಚಾಚಿದಾಗ ಮುಂಗೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು. ಎರಡು ಬೋಲ್ಟ್ ಸಡಿಲಿಸಿ ತಿರುಗಿಸಿದೆ, ಮಣಿಕಟ್ಟಿನ ನೋವು ಅರ್ಧ ಇಳಿಯಿತು. ಉಳಿದರ್ಧ, ಮೊಣಕಾಲುಗಳಿಂದ ಟ್ಯಾಂಕನ್ನು ಹಿಡಿದು ಮೈಭಾರವನ್ನು ಕೈಯಿಂದ ತೆಗೆದಾಗ ಹೋಯಿತು. ಗೇರ್ ಲಿವರಿನ ಎತ್ತರವೂ ನಿಮ್ಮ ಶೂಗೆ ತಕ್ಕಂತೆ ಇರಲಿ. ಹಿಂದಿನ ಸ್ಪ್ರಿಂಗಿನ ಬಿಗಿತ ಹೊಂದಿಸುವ ಸೌಲಭ್ಯ ನಿಮ್ಮ ಬೈಕಿನಲ್ಲಿದ್ದರೆ, ನೀವು ಕುಳಿತಾಗ ಬೈಕಿನ ಹಿಂಭಾಗ ಎಷ್ಟು ಕುಸಿಯುತ್ತದೆಂದು ಗೆಳೆಯನಿಂದ ಅಳೆಸಿ. ರಸ್ತೆಯ ಸ್ಪೋರ್ಟ್ ಬೈಕಿಗೆ 30ರಿಂದ 35 ಮಿಲಿಮೀಟರ್ ಒಳ್ಳೆಯ ಆರಂಭ. ಗಾಳಿಯ ಒತ್ತಡಕ್ಕೆ ಸ್ವಂತ ಮಾಪಕ ಇಟ್ಟುಕೊಳ್ಳಿ, ಟಯರ್ ತಣ್ಣಗಿದ್ದಾಗ ನೋಡಿ. ಪಂಕ್ಚರ್ ಅಂಗಡಿಯ ಹುಡುಗನ ಕೈಗೆ ಬಿಟ್ಟರೆ ಬಸ್ಸಿಗೂ ಬೈಕಿಗೂ ಒಂದೇ ಗಾಳಿ.

ಕಾಗದಪತ್ರದ ಮಾತನ್ನೂ ಹೇಳಿಬಿಡುತ್ತೇನೆ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಎರಡಕ್ಕೂ ಸಹಿ ಆಗಿರಲಿ, ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಸಾಲದಲ್ಲಿ ಕೊಂಡ ಬೈಕಾಗಿದ್ದರೆ ಸಾಲ ತೀರಿದ್ದಕ್ಕೆ ಫಾರಂ 35 ಬೇಕು. ನನ್ನ ವಿಷಯದಲ್ಲಿ ಆ ಕೊನೆಯ ಕಾಗದ ತಡವಾಯಿತು. ಆರು ವಾರಗಳ ನಂತರ ಹಿಂದಿನ ಮಾಲೀಕರೇ ಅದನ್ನು ಹಿಡಿದು ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಹೊರಡುವಾಗ, ಒಂದು ಸುತ್ತು ಹೋಗಿಬರಲೇ ಎಂದು ಕೇಳಿದರು. ಕೀಲಿ ಕೊಟ್ಟೆ. ಎರಡು ರಸ್ತೆ ಸುತ್ತಿ ಬಂದು, ಹೆಲ್ಮೆಟ್ ತೆಗೆದು, ಬೈಕನ್ನು ಒಮ್ಮೆ ಬಗ್ಗಿ ನೋಡಿದರು.

‘ಇಷ್ಟು ಸದ್ದಿಲ್ಲದೆ ಹೋಗುತ್ತದಲ್ಲ, ಸೈಲೆನ್ಸರ್ ಯಾವುದು ಹಾಕಿಸಿದಿರಿ?’

‘ನಿಮ್ಮದೇ ಸರ್’ ಎಂದೆ. ‘ಚೈನ್ ಮಾತ್ರ ಹೊಸದು.’